ಮನೆಗೆ ಕಳಿಸಿದ ಮೇಲೆ ನರ್ಸ್ ಕೂಡ ಬರಲಿ

ಮಾನ್ಯರೇ,

‘ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ’ ಅಂತ ಆಸ್ಪತ್ರೆಯವರು ಹೇಳಿದ್ದನ್ನು ಎಷ್ಟೋ ಮನೆಯವರು ಕೇಳಿರುತ್ತಾರೆ. ಆದರೆ ನಿಜವಾದ ಆರೈಕೆ ಶುರುವಾಗುವುದೇ ಅಲ್ಲಿಂದ ಅಲ್ವಾ? ಆ ಹೊತ್ತಿಗೆ ಮನೆಯವರ ಕೈಯಲ್ಲಿ ಇರುವುದು ಒಂದು ಡಿಸ್ಚಾರ್ಜ್ ಚೀಟಿ ಮಾತ್ರ.

ನಮ್ಮ ಅತ್ತೆಗೆ ಕ್ಯಾನ್ಸರ್ ಇತ್ತು. ಕೊನೆಯ ದಿನಗಳನ್ನು ಮನೆಯಲ್ಲೇ ಕಳೆಯಬೇಕು ಅನ್ನುವುದು ಅವರ ಆಸೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಶುರು ಮಾಡಿದ ದಿನದಿಂದಲೇ ಮಲಬದ್ಧತೆಗೂ ಔಷಧಿ ಕೊಡಬೇಕು, ನೋವು ಬಂದ ಮೇಲೆ ಮಾತ್ರೆ ನುಂಗಿಸುವುದಲ್ಲ, ಹೊತ್ತುಹೊತ್ತಿಗೆ ಕೊಡಬೇಕು ಎಂಬುದನ್ನೆಲ್ಲ ನಮಗೆ ಹೇಳಿಕೊಟ್ಟವರು ಪಕ್ಕದ ಬೀದಿಯ ನಿವೃತ್ತ ಸಿಸ್ಟರ್ ಒಬ್ಬರು. ಕೊನೆಗಾಲದಲ್ಲಿ ಗಂಟಲು ಗೊರಗೊರ ಅನ್ನತೊಡಗಿದಾಗ ನೆಂಟರೆಲ್ಲ ಬಾಯಿಗೆ ನೀರು ಬಿಡಲು ಮುಂದೆ ಬಂದರು. ನುಂಗಲು ಆಗದವರಿಗೆ ಆ ನೀರು ಶ್ವಾಸಕೋಶಕ್ಕೆ ಹೋಗಬಹುದು, ತುಟಿ ಒದ್ದೆ ಮಾಡಿ, ಒಂದು ಮಗ್ಗುಲಿಗೆ ಮಲಗಿಸಿ ಅಂತ ಆ ಸಿಸ್ಟರೇ ತಡೆದರು. ಅಂಥವರು ಪಕ್ಕದಲ್ಲಿ ಇಲ್ಲದ ಮನೆಗಳ ಗತಿ ಏನು? ನಡುರಾತ್ರಿ ನೋವು ಜಾಸ್ತಿಯಾದರೆ ಗಾಬರಿಯಾಗಿ 108ಕ್ಕೆ ಫೋನ್ ಮಾಡುತ್ತಾರೆ. ಮನೆಯಲ್ಲೇ ಇರಬೇಕು ಅಂದಿದ್ದ ಜೀವ ಐಸಿಯುನಲ್ಲಿ ಹೋಗುತ್ತದೆ, ಮನೆಯವರ ತಲೆ ಮೇಲೆ ಸಾಲ ಉಳಿಯುತ್ತದೆ.

ಇಂಥವರ ಮನೆಗೇ ನರ್ಸ್ ಕಳಿಸುವುದು ಆಗದ ಕೆಲಸವೇನಲ್ಲ. ಪಕ್ಕದ ಕೇರಳ 2008ರಲ್ಲೇ ಇದಕ್ಕೆಂದು ನೀತಿ ಮಾಡಿತು. ಅಲ್ಲಿ ಪಂಚಾಯಿತಿಗಳ ಮೂಲಕ ತರಬೇತಿ ಪಡೆದ ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಸಂಸ್ಥೆ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ, ಮನೆಗೂ ತಂಡ ಕಳಿಸುತ್ತದೆ. ಆದರೆ ನಮ್ಮಂಥ ತಾಲ್ಲೂಕುಗಳಿಗೆ ಯಾರು ಬರುತ್ತಾರೆ? ಏಜೆನ್ಸಿಯಿಂದ ಹೋಮ್ ನರ್ಸ್ ಇಟ್ಟುಕೊಳ್ಳುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಹಾಗೆ ಬರುವವರಲ್ಲೂ ಎಷ್ಟೋ ಜನ ನರ್ಸಿಂಗ್ ಓದಿರುವುದಿಲ್ಲ.

ಗುಣವಾಗದ ಹಂತದಲ್ಲಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದು ಹೇಗೆ ಎಂದು ನಮ್ಮ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಯ ಒಳಗಿನ ವಿಷಯ. ಗೌರವದಿಂದ ಸಾಯುವ ಹಕ್ಕು ಮನೆಯ ಮಂಚದ ಮೇಲೆ ಮಲಗಿದವರಿಗೂ ಬೇಕು, ಅದಕ್ಕೆ ನರ್ಸ್ ಬೇಕು, ನೋವಿನ ಮಾತ್ರೆ ಬೇಕು. ಮಾರ್ಫಿನ್ ಸುಲಭವಾಗಿ ಸಿಗಲಿ ಎಂದು 2014ರಲ್ಲೇ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಆಗಿದೆ. ಆದರೂ ನಮ್ಮ ಯಜಮಾನರು ಅದಕ್ಕಾಗಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಬರಬೇಕಾಯಿತು.

ಆಶಾ ಕಾರ್ಯಕರ್ತೆಯರ ಮೇಲೆ ಇದನ್ನೂ ಹೊರಿಸಬೇಡಿ, ಅವರಿಗೆ ಈಗಲೇ ಕೈತುಂಬ ಕೆಲಸ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇದಕ್ಕೆಂದೇ ತರಬೇತಿ ಪಡೆದ ಇಬ್ಬರು ನರ್ಸ್, ಒಂದು ಗಾಡಿ, ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್ ಇರಲಿ. ಆ ನಂಬರನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆದು ಕೊಡಲಿ. ಎಲ್ಲ ಕಡೆ ಒಟ್ಟಿಗೆ ಆಗದಿದ್ದರೆ ಆರೋಗ್ಯ ಸಚಿವರು ಮುಂದಿನ ಬಜೆಟ್‌ನಲ್ಲಿ ಒಂದೆರಡು ಜಿಲ್ಲೆಗಾದರೂ ಹಣ ಇಡಿಸಲಿ.

– ಒಬ್ಬ ಓದುಗಿ, ತುಮಕೂರು ಜಿಲ್ಲೆ