ಬೀಜದ ಪರೀಕ್ಷೆ ದಾಟಿದ ಗೊಬ್ಬರ ಮಾತ್ರ ಇನ್ನು ಮಾರಾಟಕ್ಕೆ

ರೈತ ಗ್ರಾಹಕರಿಗೆ ನಮಸ್ಕಾರ.

ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್‌ಗೆ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಡಿಸ್ಟಿಲರಿಯ ಸ್ಪೆಂಟ್‌ವಾಶ್ (ಬಟ್ಟಿ ಇಳಿಸಿದ ಮೇಲೆ ಉಳಿಯುವ ಕೊಳೆ ನೀರು) ಸೇರಿಸಿ ಕೊಳೆಸಿದ ಕಾಂಪೋಸ್ಟನ್ನು ಈ ಹಂಗಾಮಿನಿಂದ ರಾಶಿವಾರು ಪರೀಕ್ಷಿಸಿಯೇ ಚೀಲಕ್ಕೆ ತುಂಬುತ್ತೇವೆ. ಬುಕ್ ಮಾಡಿದ ಮಾಲು ಮೂರು ವಾರ ತಡವಾಗಿ ಸಿಗುತ್ತದೆ. ದರ ಹಾಗೇ ಇದೆ.

ಕಪ್ಪಗೆ, ಪುಡಿಯಾಗಿ, ವಾಸನೆ ಇಲ್ಲದೆ ಇರುವ ಗೊಬ್ಬರವೂ ಎಳೆ ಬೇರನ್ನು ಸುಡಬಲ್ಲದು. ಅದಕ್ಕೇ ರಾಶಿಯ ಹತ್ತು ಕಡೆ, ಮೇಲಿನಿಂದ ಬುಡದವರೆಗೆ ತೆಗೆದು ಕಲಸಿದ ಗೊಬ್ಬರದಲ್ಲಿ 10 ಗ್ರಾಂ ಅನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಹಾಕಿ, ಒಂದು ತಾಸು ಅಲುಗಾಡಿಸಿ ಸೋಸುತ್ತೇವೆ. ಫಿಲ್ಟರ್ ಪೇಪರ್ ಹಾಸಿದ ಮೂರು ತಟ್ಟೆಗೆ ಈ ನೀರು, ಇನ್ನು ಮೂರಕ್ಕೆ ಬರೀ ಡಿಸ್ಟಿಲ್ಡ್ ನೀರು. ತಟ್ಟೆಗೆ ಹತ್ತರಂತೆ ಹೆಸರು ಕಾಳು. ಔಷಧ ಲೇಪಿಸಿದ ಬೀಜ ಬೇಡ, ಲೆಕ್ಕ ಕೆಡುತ್ತದೆ. ಕತ್ತಲಲ್ಲಿ 72 ತಾಸು ಬಿಟ್ಟು ಮೊಳಕೆ ಎಣಿಸಿ, ಬೇರಿಗೆ ಸ್ಕೇಲು ಹಿಡಿಯುತ್ತೇವೆ.

ಬರೀ ನೀರಿನಲ್ಲಿ 30 ಕಾಳೂ ಮೊಳೆತು ಬೇರು ಸರಾಸರಿ 40 ಮಿ.ಮೀ. ಬಂತೆನ್ನಿ. ಗೊಬ್ಬರದ ನೀರಿನಲ್ಲಿ 27 ಮೊಳೆತರೆ ಶೇ. 90; ನೋಡಿದರೆ ಚಲೋ ಅನಿಸುತ್ತದೆ. ಆದರೆ ಬೇರು 30 ಮಿ.ಮೀ., ಅಂದರೆ ಶೇ. 75. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿದರೆ 67.5. ನಮಗೆ 80 ದಾಟಬೇಕು, ಆ ರಾಶಿ ಹೊರಗೆ ಹೋಗುವುದಿಲ್ಲ. ಮೊಳಕೆ ಮುಚ್ಚಿಟ್ಟದ್ದನ್ನು ಬೇರು ಹೇಳುತ್ತದೆ.

ಫೇಲಾದರೆ ಮೊದಲು ಇ.ಸಿ. (ವಿದ್ಯುತ್ ವಾಹಕತೆ), ಅಂದರೆ ಉಪ್ಪಿನಂಶ ಎಷ್ಟೆಂದು ತೋರಿಸುವ ಅಳತೆ ನೋಡುತ್ತೇವೆ. ಅದು ಕಡಿಮೆ ಇದ್ದೂ ಬೇರು ಮೊಂಡಾಗಿದ್ದರೆ ಸಾಮಾನ್ಯವಾಗಿ ಗೊಬ್ಬರ ಹಸಿ ಇದೆ, ಪೂರ್ತಿ ಕೊಳೆತಿಲ್ಲ ಎಂದರ್ಥ. ಅದರಲ್ಲಿನ ಅಮೋನಿಯಾ, ಹುಳಿ ಆಮ್ಲಗಳು ತಿರುವಿ ಹಾಕಿ ಮಾಗಿಸಿದರೆ ಇಳಿಯುತ್ತವೆ. ಉಪ್ಪು ಹಾಗಲ್ಲ. ರಾಶಿ ಕುಗ್ಗಿದಷ್ಟೂ ಅದು ಹೆಚ್ಚು ಸಾಂದ್ರವಾಗುತ್ತದೆ, ನೀರು ಬೇಗ ಬಸಿಯದ ಎರೆ ಹೊಲದಲ್ಲಿ ಉಳಿದುಬಿಡುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶ 1985 ಸಿಟಿ ಕಾಂಪೋಸ್ಟ್‌ಗೆ ಇಟ್ಟ ಇ.ಸಿ. ಮಿತಿ ಮೀಟರಿಗೆ 4 ಡೆಸಿಸೀಮನ್ಸ್. ನಾವೂ ಅದನ್ನೇ ಹಿಡಿದಿದ್ದೇವೆ. ಮೀರಿದರೆ ಸಗಣಿ ಗೊಬ್ಬರ ಬೆರೆಸಿ ಮತ್ತೆ ಮೊದಲಿಂದ ಪರೀಕ್ಷೆ.

ತಟ್ಟೆಯಲ್ಲಿ ಪಾಸಾದದ್ದನ್ನು ನಾಲ್ಕು ಪಾಲು ಎರೆ ಮಣ್ಣಿಗೆ ಒಂದು ಪಾಲು ಬೆರೆಸಿ, ಕುಂಡದಲ್ಲಿ ಬ್ಯಾಡಗಿ ಮೆಣಸಿನ ಅಗಿ ನೆಟ್ಟು ಮೂರು ವಾರ ಕಾಯುತ್ತೇವೆ. ಬರೀ ಮಣ್ಣಿನ ಕುಂಡದ ಅಗಿಗಿಂತ ಇದರ ಕೆಳ ಎಲೆ ಹಳದಿಗಟ್ಟಿದರೆ, ಪೂರ್ತಿ ಕೊಳೆಯದ ಗೊಬ್ಬರ ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಂಡಿರುವ ಸಂಭವ ಹೆಚ್ಚು.

ಭಾರ ಲೋಹಕ್ಕೆ ಈ ಪರೀಕ್ಷೆ ಸಾಲದು. ಕ್ಯಾಡ್ಮಿಯಂ ಇದ್ದರೂ ಬೆಳೆ ಹಸಿರಾಗಿಯೇ ಬಂದು, ಆ ಲೋಹ ಕಾಯಿಗೆ ಸೇರಬಹುದು. ಲ್ಯಾಬಿನಲ್ಲಿ ಬೇರೆ ಪರೀಕ್ಷೆ ಮಾಡಿಸುತ್ತೇವೆ: ಕಿಲೋಕ್ಕೆ ಕ್ಯಾಡ್ಮಿಯಂ 5, ಸೀಸ 100 ಮಿಲಿಗ್ರಾಂ ಮೀರಬಾರದು.

ಚೀಲದ ಮೇಲೆ ರಾಶಿ ಸಂಖ್ಯೆ, ಇ.ಸಿ. ಮತ್ತು ಬೀಜ ಪರೀಕ್ಷೆಯ ಅಂಕಿ ಇರುತ್ತವೆ. ಬೆಳೆ ಮುಗಿಯುವವರೆಗೆ ಒಂದು ಖಾಲಿ ಚೀಲ ಇಟ್ಟುಕೊಳ್ಳಿ. ದೂರು ಬಂದರೆ ಆ ರಾಶಿಯ ಎತ್ತಿಟ್ಟ ಮಾದರಿಯನ್ನು ನಿಮ್ಮೆದುರೇ ಮತ್ತೆ ಪರೀಕ್ಷಿಸುತ್ತೇವೆ. ಅಗಿ ಮಡಿಗೆ ಬೇಕಾದವರು ಬೀಜ ಚೆಲ್ಲುವ ಒಂದೂವರೆ ತಿಂಗಳು ಮೊದಲೇ ಬುಕ್ ಮಾಡಿ.

ಇಂತಿ,
ಸಂಘದ ಗೊಬ್ಬರ ವಿಭಾಗ, ಹಾವೇರಿ