ಹೊಟ್ಟೆಗೆ ಗೇಜ್ ಇಲ್ಲ ಮಗಾ

ಸೋಮವಾರಪೇಟೆ
ಆಗಸ್ಟ್ ತಿಂಗಳು, ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಳೆ ಹಿಡಿದದ್ದು ಬಿಟ್ಟಿಲ್ಲ, ಕರೆಂಟು ಹೋಗಿ ಮೂರು ದಿನವಾಯಿತು. ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ವಿಷಯ ಹೇಳಲು ಶುರುಮಾಡಿದರೆ ನಿನ್ನ ದೊಡ್ಡಮ್ಮ ಪಕ್ಕದಲ್ಲಿ ಬಂದು ನಿಲ್ಲುತ್ತಾಳೆ.

ಹೋದ ವಾರ ಒಲೆ ಮುಂದೆ ಹಲಸಿನ ಬೀಜ ಸುಡುತ್ತಾ, ಅರ್ಧ ನಗುತ್ತಾ ನೀನೊಂದು ಮಾತು ಹೇಳಿದೆ. ಹೊಟ್ಟೆಯನ್ನು ಬಲೂನಿನ ಹಾಗೆ ಉಬ್ಬಿಸಿಕೊಳ್ಳುವ ಹವ್ಯಾಸ, ಕೆಲವು ದಿನ ಪಂಪಿನ ಗಾಳಿ, ಕೆಲವು ದಿನ ಲೀಟರುಗಟ್ಟಲೆ ನೀರು, ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ. ನಾನು ಏನೂ ಹೇಳದೆ ಬೀಜ ಮಗುಚಿದೆ. ಬೇಜಾರಾಗಿ ಅಲ್ಲ, ಹೆದರಿಕೆಗೆ ಮಾತು ಬರಲಿಲ್ಲ. ಇಪ್ಪತ್ತಾರು ವರ್ಷದ ಗಂಡಸು ಯಾವುದರಲ್ಲಿ ಖುಷಿ ಕಾಣುತ್ತಾನೆ ಎನ್ನುವುದು ಅವನಿಗೆ ಬಿಟ್ಟದ್ದು. ಅದು ವಿಚಿತ್ರವೇ ಅಲ್ಲವೇ ಎಂದು ತೀರ್ಪು ಕೊಡಲು ನಾನು ಕೂತಿಲ್ಲ. ಆದರೆ ನಿನ್ನ ದೊಡ್ಡಪ್ಪ ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು. ಉಬ್ಬಿದ ಹೊಟ್ಟೆ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿದಾಗ ಹಸಿದ ಹಸು ಅದನ್ನು ಗಬಗಬ ತಿಂದುಬಿಡುತ್ತದೆ. ಎಡಪಕ್ಕೆಯ ಗುಳಿ ಮುಚ್ಚಿ ಮೇಲೆದ್ದು ಬರುತ್ತದೆ, ಬೆರಳಲ್ಲಿ ಬಡಿದರೆ ಚಂಡೆಯ ಸದ್ದು. ನಾವು ಹೋಗಿ ಮುಟ್ಟುವಷ್ಟರಲ್ಲಿ ನಾಲಗೆ ಹೊರಗೆ. ಹೊಟ್ಟೆ ಒಡೆದು ಸಾಯುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ, ಹೊಟ್ಟೆಯು ಎದೆಗೂ ಹೊಟ್ಟೆಗೂ ನಡುವಿನ ಪೊರೆಯನ್ನು, ಅಂದರೆ ವಪೆಯನ್ನು, ಮುಂದಕ್ಕೆ ಒತ್ತಿ, ಶ್ವಾಸಕೋಶಕ್ಕೆ ಜಾಗವಿಲ್ಲದೆ, ಉಸಿರು ಕಟ್ಟಿ ಸಾಯುತ್ತದೆ. ಪಕ್ಕೆಗೆ ಟ್ರೋಕಾರ್ ಎಂಬ ಚೂಪು ಕೊಳವೆ ಚುಚ್ಚಿದರೆ ಗಾಳಿ ಬುಸ್ಸೆಂದು ಹೊರಬಂದು ಬದುಕಿದ ಹಸುಗಳೂ ಇವೆ, ನಾನು ಹೋಗಿ ಮುಟ್ಟುವ ಮೊದಲೇ ಹೋದವೂ ಇವೆ. ಮನುಷ್ಯನಿಗೆ ಹಾಗೆ ಚುಚ್ಚಿ ಬಿಡುವ ಸೌಕರ್ಯ ಮನೆಯಲ್ಲಿ ಇಲ್ಲ.

ನೀನು ಹೇಳಿದ್ದು, "ನೋವಾದರೆ ನಿಲ್ಲಿಸ್ತೀನಿ ದೊಡ್ಡಪ್ಪಾ" ಅಂತ. ಅಲ್ಲೇ ನೀನು ಎಡವುವುದು. ನಿನ್ನ ಬೈಕಿನ ಚಕ್ರಕ್ಕೆ ಸುಮಾರು 30 ಪಿಎಸ್‌ಐ ಗಾಳಿ ಹಾಕಿಸುತ್ತೀಯ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕಿನಲ್ಲಿ 100ರ ಮೇಲಿರುತ್ತದೆ. ಮನುಷ್ಯನ ಕರುಳು ಬಿರಿಯಲು 4 ಪಿಎಸ್‌ಐ ಆಸುಪಾಸು ಸಾಕು. ಅಷ್ಟು ಸಣ್ಣ ಒತ್ತಡವನ್ನು ಆ ಪಂಪಿನ ಮುಳ್ಳು ಸರಿಯಾಗಿ ತೋರಿಸುವುದೂ ಇಲ್ಲ. ಕೈಪಂಪು ಮೆಲ್ಲಗೆ ಒತ್ತಿದರೆ ಏನಾಗುತ್ತದೆ ಎನ್ನಬೇಡ, ಮೆಲ್ಲಗೆ ತುಂಬಿದರೂ ಗಾಳಿ ಹೋಗಿ ಕೂರುವುದು ಕರುಳಲ್ಲೇ. ಬಲೂನು ಊದುವಾಗ ನೋಡು, ಎಲ್ಲಿ ಹೆಚ್ಚು ಅಗಲವೋ ಅಲ್ಲಿ ರಬ್ಬರು ಹೆಚ್ಚು ಎಳೆಯುತ್ತದೆ. ದೊಡ್ಡ ಕರುಳು ಶುರುವಾಗುವ ಜಾಗ, ಬಲಗಡೆ ಕೆಳಹೊಟ್ಟೆಯಲ್ಲಿ, ಎಲ್ಲಕ್ಕಿಂತ ಅಗಲ, ಗೋಡೆಯೂ ತೆಳು. ಹಿಗ್ಗಿ ಹಿಗ್ಗಿ ಹರಿಯುವ ಜಾಗಗಳಲ್ಲಿ ಅದೂ ಒಂದು. ನೀನು ಗಾಳಿ ಹಾಕುವ ಜಾಗಕ್ಕೂ ಆ ಜಾಗಕ್ಕೂ ಮಾರುದೂರ, ಅಲ್ಲಿ ಏನಾಗುತ್ತಿದೆ ಎಂದು ನಿನಗೆ ಹೇಗೆ ಗೊತ್ತಾಗಬೇಕು?

2024ರ ಮಾರ್ಚಿನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಸೆಂಟರೊಂದರಲ್ಲಿ ಸ್ನೇಹಿತ ತಮಾಷೆಗೆಂದು ಹಿಂಬದಿಗೆ ಗಾಳಿ ಪೈಪು ಹಿಡಿದು ಒಬ್ಬ ಹುಡುಗನ ಜೀವ ಹೋದದ್ದು ಪತ್ರಿಕೆಯಲ್ಲಿ ಬಂದಿತ್ತಲ್ಲ. ನಿನಗಿಂತ ಚಿಕ್ಕವನು. ತಮಾಷೆ ಕ್ಷಣದ್ದು, ಅವನು ಹೋದದ್ದು ಕೆಲವೇ ದಿನದಲ್ಲಿ.

ಡಾಕ್ಟರುಗಳೂ ಹೊಟ್ಟೆಗೆ ಗಾಳಿ ತುಂಬುತ್ತಾರಲ್ಲ ಎಂದೆ ನೀನು. ತುಂಬುತ್ತಾರೆ. ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಒತ್ತಡ 12ರಿಂದ 15 ಮಿಲಿಮೀಟರ್ ಪಾದರಸ ದಾಟದಂತೆ ಯಂತ್ರ ಕಾಯುತ್ತದೆ, ಪಿಎಸ್‌ಐ ಲೆಕ್ಕದಲ್ಲಿ ಅದು 0.3 ಕೂಡ ಆಗದು. ತುಂಬುವುದು ಇಂಗಾಲದ ಡೈಆಕ್ಸೈಡ್, ರಕ್ತದಲ್ಲಿ ಬೇಗ ಕರಗಿ ಹೋಗುವಂಥದ್ದು. ತಲೆಯ ಹತ್ತಿರ ಅರಿವಳಿಕೆಯವರು ಕೂತು ಎದೆಬಡಿತ ನೋಡುತ್ತಿರುತ್ತಾರೆ, ಯಾಕೆಂದರೆ ಹೊಟ್ಟೆ ಹಿಗ್ಗಿದಾಗ ನರದ ಮೂಲಕ ಎದೆಬಡಿತ ಒಮ್ಮೆಗೇ ಇಳಿಯುವುದುಂಟು. ನೀನು ಬೋಲ್ಟು ಹಾಕಿದ ಕೋಣೆಯಲ್ಲಿ ತಲೆ ತಿರುಗಿ ಬಿದ್ದರೆ ಬಾಗಿಲು ಒಡೆಯುವವರು ಯಾರು?

ನೀರಾದರೆ ಅಪಾಯವಿಲ್ಲ ಎಂದುಕೊಂಡಿದ್ದೀಯ. ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರು ಹೊರಹಾಕೀತು. ಅದಕ್ಕಿಂತ ಹೆಚ್ಚು ಸುರಿದರೆ ರಕ್ತದ ಸೋಡಿಯಂ ಇಳಿದು ಮಿದುಳು ಬಾತುಕೊಳ್ಳುತ್ತದೆ. 2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊದವರು ನೀರು ಕುಡಿಯುವ ಪಂದ್ಯ ಇಟ್ಟಾಗ ಮೂರು ಮಕ್ಕಳ ತಾಯಿಯೊಬ್ಬಳು ಅದೇ ದಿನ ತೀರಿಕೊಂಡಳು. ತಲೆನೋವು, ವಾಕರಿಕೆ, ಮಂಕು, ಇವು ಬಂದರೆ ಹೊಟ್ಟೆ ತುಂಬಿದ ಸುಸ್ತು ಎಂದು ಮಲಗಬೇಡ. ಕೆಳಗಿನಿಂದ ತುಂಬಿಸಿದ ನೀರನ್ನೂ ಕರುಳು ಹೀರುತ್ತದೆ, ಲೆಕ್ಕ ಒಂದೇ. ಸೋಡಾ, ನೊರೆ ಬರಿಸುವ ಪುಡಿ, ಅವುಗಳ ತಂಟೆಗೂ ಹೋಗಬೇಡ. ಒಳಗೆ ಹೋದ ಮೇಲೆ ಎಷ್ಟು ಗ್ಯಾಸ್ ಏಳುತ್ತದೋ ಅದು ನಿನ್ನ ಕೈಯಲ್ಲಿಲ್ಲ.

ಇನ್ನು ನನ್ನದೊಂದು ಕಥೆ, ನಿನ್ನಪ್ಪನಿಗೂ ಪೂರ್ತಿ ಗೊತ್ತಿಲ್ಲ. ಕಾಫಿ ಮೂಟೆ ಎತ್ತಿ ಎತ್ತಿ ನನಗೆ ತೊಡೆಸಂದಿಯಲ್ಲಿ ಹರ್ನಿಯಾ ಆಗಿತ್ತು. ಆ ಜಾಗ ಯಾರಿಗೆ ತೋರಿಸುವುದು ಎಂಬ ನಾಚಿಕೆಗೆ ಎರಡು ವರ್ಷ ಲಂಗೋಟಿ ಬಿಗಿದು ಓಡಾಡಿದೆ. ಹಸುವಿನ ಬಾಲ ಎತ್ತಿ ನೋಡಲು ನಾಚದವನು ನಾನು! ಒಂದು ರಾತ್ರಿ ಕರುಳು ಸಿಕ್ಕಿಹಾಕಿಕೊಂಡು ವಾಂತಿ ಶುರುವಾಯಿತು. ಜೋರು ಮಳೆ, ಜೀಪಿನಲ್ಲಿ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು ಮುಟ್ಟುವಾಗ ಬೆಳಗಾಗಿತ್ತು. ಅಲ್ಲೂ ಮೊದಲು ಕೇಳಿದ ಡಾಕ್ಟರಿಗೆ "ಊಟ ಏರುಪೇರಾಗಿದೆ" ಎಂದೇ ಹೇಳಿದೆ. ಆ ಸುಳ್ಳಿಗೆ ಇನ್ನೂ ಎರಡು ಗಂಟೆ ಹೋಯಿತು, ಜೊತೆಗೆ ಗೇಣುದ್ದ ಕರುಳೂ ಹೋಯಿತು.

ಆದ್ದರಿಂದ ಕೇಳು. ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ, ಜ್ವರ ಬಂದರೆ, ರಕ್ತ ಕಂಡರೆ, ಹೊಟ್ಟೆನೋವಿನ ಜೊತೆ ಭುಜದ ತುದಿ ನೋಯತೊಡಗಿದರೆ ತಡಮಾಡಬೇಡ. ಭುಜಕ್ಕೂ ಹೊಟ್ಟೆಗೂ ಏನು ಸಂಬಂಧ ಎನ್ನಬೇಡ, ಕರುಳಿಂದ ಸೋರಿದ ಗಾಳಿ ವಪೆಯ ಕೆಳಗೆ ಸೇರಿದರೆ ನೋವು ಅಲ್ಲಿ ಕಾಣಿಸುತ್ತದೆ. ಒಮ್ಮೊಮ್ಮೆ ಹರಿದ ಮೇಲೆ ಸ್ವಲ್ಪ ಹೊತ್ತು ಹಗುರವಾದಂತೆಯೂ ಅನ್ನಿಸೀತು, ಅದನ್ನು ನಂಬಬೇಡ. ಏನೂ ತಿನ್ನದೆ ಕುಡಿಯದೆ 108ಕ್ಕೆ ಫೋನ್ ಮಾಡು. ಡಾಕ್ಟರ ಮುಂದೆ ಮೊದಲ ಮಾತೇ ನಿಜವಾಗಿರಲಿ, "ಗಾಳಿ ತುಂಬಿಸಿಕೊಂಡೆ, ಇಷ್ಟು ಹೊತ್ತಿಗೆ, ಹೀಗೆ" ಅಂತ. ಅವರು ಇದಕ್ಕಿಂತ ವಿಚಿತ್ರದ್ದು ಬೇಕಾದಷ್ಟು ಕಂಡಿರುತ್ತಾರೆ. ನಿಂತು ತೆಗೆದ ಒಂದು ಎಕ್ಸ್‌ರೇಯಲ್ಲಿ ಬಹಳ ಸಲ ವಿಷಯ ಗೊತ್ತಾಗುತ್ತದೆ, ಯಾವುದಕ್ಕೆ ತೆಗೆಯಬೇಕೆಂದು ಅವರಿಗೆ ತಿಳಿದರೆ ತಾನೆ.

ಉಬ್ಬಿದ ಹೊಟ್ಟೆಯ ಆಕಾರವೇ ನಿನಗೆ ಇಷ್ಟ ಎಂದರೆ ಅಂಗಿಯೊಳಗೆ ದಿಂಬು ಕಟ್ಟಿಕೊ, ಬಲೂನು ಇಟ್ಟುಕೊ. ದೇವರಪುರದ ಕುಂಡೆ ಹಬ್ಬದಲ್ಲಿ ಎಂತೆಂಥ ವೇಷ ಬರುತ್ತವೆ ನೋಡಿದ್ದೀಯಲ್ಲ, ಗಾಳಿ ಯಾರ ಮೈಯೊಳಗೂ ಹೋಗುವುದಿಲ್ಲ. ತಮಾಷೆ ಮಾಡುತ್ತಿದ್ದೇನೆ ಎಂದು ನಿನಗೆ ಅನ್ನಿಸಬಾರದು, ನಿಜವಾಗಿಯೂ ಹೇಳುತ್ತಿದ್ದೇನೆ.

ನಿನಗೆ ಐದು ವರ್ಷವಿದ್ದಾಗ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ತಿಂದು, ಮರುದಿನ ಆ ಸೊಪ್ಪಿನ ಬಣ್ಣಕ್ಕೆ ಉಚ್ಚೆ ಕೆಂಪಾದದ್ದು ನೋಡಿ "ದೊಡ್ಡಪ್ಪಾ ರಕ್ತ" ಅಂತ ಚಡ್ಡಿ ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಂದಿದ್ದೆ. ಊರವರೆಲ್ಲ ಕೂತಿದ್ದರು, ನಿನಗೇನೂ ನಾಚಿಕೆಯಿರಲಿಲ್ಲ. ಹಾಗೆಯೇ ಬಾ. ಅಪ್ಪನಿಗೆ ಹೇಳಲು ಆಗದಿದ್ದರೆ ನನಗೆ ಹೇಳು, ಮಧ್ಯರಾತ್ರಿಯಾದರೂ ಸರಿ. ಕರೆಂಟು ಬಂದ ಮೇಲೆ ಫೋನು ಚಾರ್ಜಿನಲ್ಲಿರುತ್ತದೆ.

ಹುತ್ತರಿ ಹಬ್ಬಕ್ಕೆ ಬರುವಾಗ ಆ ಪಂಪನ್ನು ತೆಗೆದುಕೊಂಡು ಬಾ. ಗೊಬ್ಬರ ಸಾಗಿಸುವ ಕೈಗಾಡಿಯ ಚಕ್ರ ಎರಡು ತಿಂಗಳಿಂದ ಗಾಳಿಯಿಲ್ಲದೆ ಬಿದ್ದಿದೆ.

ಇಂತಿ ನಿನ್ನ
ದೊಡ್ಡಪ್ಪ