ಡಿಫೆನ್ಸ್ ಫ್ರೀಕ್ವೆನ್ಸಿ ಎಂಬ ಉತ್ತರ ಸಾಕು, ಬರೆದು ಕೊಡಿ

ಮಾನ್ಯ ಸಂಸದರಿಗೆ, ಉಡುಪಿಯಿಂದ ನಮಸ್ಕಾರ.

ಮಲ್ಪೆಯ ಉತ್ತರಕ್ಕೆ ಕಡಲಿಗೆ ತಾಗಿಕೊಂಡಿರುವ ನಮ್ಮ ಊರಲ್ಲಿ ಮನೆಯೊಳಗೆ ಫೋನ್ ಸಿಗುವುದಿಲ್ಲ. ವರ್ಷಗಳಿಂದ ದೂರು ಕೊಟ್ಟು ಸಾಕಾಗಿದೆ. ಪ್ರತಿ ಸಲ ಫೋನ್ ಕಂಪನಿಯವರದು ಒಂದೇ ಉತ್ತರ: "ಕರಾವಳಿ ಅಲ್ವಾ, ಡಿಫೆನ್ಸ್ ಫ್ರೀಕ್ವೆನ್ಸಿ ಸಮಸ್ಯೆ, ನಮ್ಮ ಕೈಯಲ್ಲಿಲ್ಲ." ಅಂದರೆ ಇಲ್ಲಿ ಆ ತರಂಗಾಂತರ ನೌಕಾಪಡೆಯ ರೇಡಾರಿನಂಥ ರಕ್ಷಣಾ ಬಳಕೆಗೆ ಮೀಸಲಂತೆ. ಅದನ್ನೇ ಬರೆದು ಸಹಿ ಹಾಕಿ ಕೊಡಿ ಎಂದರೆ ಯಾರೂ ತಯಾರಿಲ್ಲ. ನೀವಾದರೂ ಬರೆಸಿ ಕೊಡಿ: ಯಾವ ತರಂಗಾಂತರ, ಎಲ್ಲಿಂದ ಎಲ್ಲಿಯವರೆಗೆ, ಯಾರ ಆದೇಶ?

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮನಿಗೆ ಎದೆನೋವು ಬಂತು. 108ಕ್ಕೆ ಕರೆ ಹೋಗುತ್ತದೆ, ಆ ಕಡೆಯವರು ವಿಳಾಸ ಕೇಳುವಷ್ಟರಲ್ಲಿ ಕಟ್ಟಾಗುತ್ತದೆ. ಅಣ್ಣ ಫೋನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು, ಆ ಗಾಳಿಮಳೆಯಲ್ಲಿ ನೀರಿನ ಟ್ಯಾಂಕಿನ ಏಣಿ ಹತ್ತಿ, ಕೂಗಿ ಕೂಗಿ ಮನೆಯ ದಾರಿ ಹೇಳಿದ. ಕಾಯುವ ಧೈರ್ಯ ಸಾಲದೆ ಪಕ್ಕದ ಮನೆಯವರ ಮೀನಿನ ಟೆಂಪೋದಲ್ಲೇ ಕರೆದುಕೊಂಡು ಹೋದೆವು. ದೇವರು ದೊಡ್ಡವನು, ಅಮ್ಮ ಉಳಿದರು. ಮರುದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಾಗ ಮೆಸೇಜ್ ಬಂತು: "ನಿಮ್ಮ ದೂರನ್ನು ಪರಿಹರಿಸಲಾಗಿದೆ." ಏನು ಪರಿಹರಿಸಿದರು ಸ್ವಾಮೀ? ಓದಿ ಮೈಯೆಲ್ಲ ಉರಿದುಹೋಯಿತು.

ನೌಕಾಪಡೆಯ ರೇಡಾರ್ ಬೇಡ ಎನ್ನುವ ಜನ ನಾವಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಮೀನುಗಾರಿಕಾ ದೋಣಿ 7 ಮಂದಿಯೊಂದಿಗೆ ಕಾಣೆಯಾದಾಗ, ತಿಂಗಳುಗಳ ನಂತರ ಅದರ ಅವಶೇಷವನ್ನು ಕಡಲಡಿಯಲ್ಲಿ ಪತ್ತೆ ಮಾಡಿದ್ದು ನೌಕಾಪಡೆಯೇ. ಆದರೆ ರೇಡಾರ್ ಇರುವಲ್ಲಿ ಫೋನ್ ಇರಕೂಡದು ಎಂಬುದನ್ನು ಒಪ್ಪಲಾರೆ. ಅಮೆರಿಕದ ನೌಕಾಪಡೆಯ ರೇಡಾರುಗಳೂ ಇರುವ 3550ರಿಂದ 3700 ಮೆಗಾಹರ್ಟ್ಸ್ ತರಂಗಾಂತರವನ್ನು ಇತರರೊಂದಿಗೆ ಹಂಚಿಕೊಳ್ಳಲು ಅಲ್ಲಿ 2015ರಲ್ಲೇ ನಿಯಮ ಮಾಡಿದರು. ತೀರದ ಸೆನ್ಸರ್‌ಗಳು ಹಡಗಿನ ರೇಡಾರನ್ನು ಗುರುತಿಸಿ ತಿಳಿಸಿದ 5 ನಿಮಿಷದೊಳಗೆ ಟವರ್‌ಗಳು ಆ ಚಾನೆಲ್ ತೆರವು ಮಾಡಬೇಕು. ಹಡಗು ದಾಟಿದ ಮೇಲೆ ಮತ್ತೆ ಬಳಸಬಹುದು. ನಮ್ಮ 2023ರ ದೂರಸಂಪರ್ಕ ಕಾಯ್ದೆಯ 7ನೇ ಸೆಕ್ಷನ್ ಕೂಡ, ಮೊದಲು ಪಡೆದವರಿಗೆ ತೊಂದರೆಯಾಗದಂತೆ ಅದೇ ಸ್ಪೆಕ್ಟ್ರಮ್ ಅನ್ನು, ಅಂದರೆ ತರಂಗಾಂತರವನ್ನು, ಇನ್ನೊಬ್ಬರಿಗೂ ಕೊಡಬಹುದು ಎನ್ನುತ್ತದೆ. ನಿಮ್ಮ ಸಂಸತ್ತೇ ಮಾಡಿದ ಕಾಯ್ದೆ, ನಾನು ವಿವರಿಸಬೇಕಿಲ್ಲ.

2022ರಲ್ಲಿ, ಅಮೆರಿಕದ ಆ ರೇಡಾರ್ ತರಂಗಾಂತರದ ಆಸುಪಾಸಿನ 3300 ಮೆಗಾಹರ್ಟ್ಸ್ ಬ್ಯಾಂಡನ್ನೇ ನಮ್ಮ ಸರ್ಕಾರ ಫೋನ್ ಕಂಪನಿಗಳಿಗೆ ಹರಾಜು ಹಾಕಿತು. ಮಾರುವಾಗ ಇಲ್ಲದ ಡಿಫೆನ್ಸ್ ಸಮಸ್ಯೆ ನಮಗೆ ಸಿಗ್ನಲ್ ಕೊಡುವಾಗ ಎಲ್ಲಿಂದ ಬಂತು? ಅಷ್ಟಕ್ಕೂ ಮಾತಾಡಲು 900 ಮೆಗಾಹರ್ಟ್ಸ್ ಸಾಕು. ಅದಕ್ಕೂ ರೇಡಾರೇ ಅಡ್ಡವೇ?

ನಿಜವಾಗಿ ನಿರ್ಬಂಧ ಇದ್ದರೆ ಬರೆದು ಕೊಡಿ, ಆ ಸೆಕ್ಷನ್ ಬಳಸಿ ಹಂಚಿಕೆ ಮಾಡಿಸಿ. ಇಲ್ಲದಿದ್ದರೆ ಇಲ್ಲ ಎಂದು ಬರೆದು ಕೊಡಿ, ಟವರ್ ಹಾಕಿಸಿ. ಬರುವ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಿ, ಉತ್ತರದ ಪ್ರತಿಯನ್ನು ನಮ್ಮ ಪಂಚಾಯತ್‌ಗೆ ಕಳುಹಿಸಿ. ಮಳೆಗಾಲಕ್ಕೆ ಮುಂಚೆ ಬೇಕು.

ಇತಿ,
ನಿಮ್ಮ ಕ್ಷೇತ್ರದ ಮತದಾರ